ಲೆಕ್ಕದ ಸೊನ್ನೆ, ಅಕ್ಷರದ ಸೊನ್ನೆ

ಇವತ್ತು ಬೆಳಿಗ್ಗೆ ಲೋಕಾಪುರದಿಂದ ಮೊಬೈಲಿಗೆ ಒಂದು ಲಗ್ನಪತ್ರಿಕೆ ಬಂತು. ಯಾರ ಮದುವೆ, ಯಾವಾಗ ಎಂದು ನೋಡುವ ಮೊದಲೇ ನನ್ನ ಕಣ್ಣು ಅದರಲ್ಲಿ ಸೊನ್ನೆಗಳನ್ನು ಹುಡುಕತೊಡಗಿತು. ನೀವು ನಗಬಹುದು. ಜಮಖಂಡಿಯ ಕೋರ್ಟಿನೆದುರು ಮೂವತ್ತು ವರ್ಷ ಟೈಪಿಂಗ್ ಅಂಗಡಿ ನಡೆಸಿದವನಿಗೆ ಅಂಟಿಕೊಂಡ ರೋಗ ಇದು. ಪ್ರಾಯಶ್ಚಿತ್ತ ಅಂದರೂ ತಪ್ಪಿಲ್ಲ.

ಸಾಲೆಯಲ್ಲಿ ನಮ್ಮ ಮಾಸ್ತರರು, “ಗ ಬರದು ಮುಂದ ಸೊನ್ನಿ ಇಡಲೇ” ಎನ್ನುತ್ತಿದ್ದರು. ಅನುಸ್ವಾರ ಎಂಬ ದೊಡ್ಡ ಹೆಸರು ಪರೀಕ್ಷೆಗೆ ಮಾತ್ರ. ನಾನು ಬಲು ವಿಧೇಯ ವಿದ್ಯಾರ್ಥಿ. ಕಂಪ್ಯೂಟರ್ ಬಂದ ಮೇಲೂ ಸೊನ್ನೆ ಇಡುವಲ್ಲೆಲ್ಲ ಕನ್ನಡ ಅಂಕಿಯ ಸೊನ್ನೆಯನ್ನೇ ಒತ್ತಿದೆ. ಕಾಗದದ ಮೇಲೆ ಎರಡೂ ದುಂಡಗೇ ಕಾಣುತ್ತವೆ. ಎಷ್ಟೋ ಶಂಕರರೂ ಗಂಗೆಯರೂ ನನ್ನ ಕೈಯಲ್ಲಿ ಹೆಸರಿನ ನಡುವೆ ಅಂಕಿ ಹೊತ್ತುಕೊಂಡೇ ಮದುವೆಯಾದರು, ಯಾರೂ ಕೇಳಲಿಲ್ಲ.

ಕೇಳಿದವರು ದಿಲ್ಲಿಯವರು. ಅದಕ್ಕೆ ಕಾರಣ ರಬಕವಿಯ ಗಂಗವ್ವ. ಗಂಡ ಹೆಂಡತಿ ಸೇರಿ ಎರಡು ಕೈಮಗ್ಗದಲ್ಲಿ ಸೀರೆ ನೇಯುವವರು. ಅವರ ಸೀರೆಗೆ ಹೆಸರು ಬಂದದ್ದೇ ತಡ, ಪವರ್‌ಲೂಮಿನ ಸೀರೆಯನ್ನೂ ‘ಗಂಗವ್ವನ ಸೀರೆ’ ಎಂದು ಮಾರುವವರು ಹುಟ್ಟಿಕೊಂಡಿದ್ದರು. ಕೊಳ್ಳುವವರು ನೇರವಾಗಿ ತಮ್ಮ ಹತ್ತಿರವೇ ಬರುವಂಥ ವಿಳಾಸವೊಂದು ಇಂಟರ್ನೆಟ್ಟಿನಲ್ಲಿ ಬೇಕೆಂದು ಗಂಗವ್ವ ನನ್ನ ಅಂಗಡಿಗೆ ಬಂದರು.

“ಇಂಗ್ಲಿಷ್ ಬ್ಯಾಡ್ರಿ ಅಣ್ಣಾರ. ನನ್ನ ಅಂಗಡಿ ಬೋರ್ಡ ನನಗ ಓದಾಕ ಬರಲಿಲ್ಲಂದ್ರ ಹೆಂಗ್ರಿ?”

ಕೊನೆಯಲ್ಲಿ ‘.ಭಾರತ’ ಎಂದಿರುವ ಕನ್ನಡ ವಿಳಾಸ ಸಿಗುತ್ತದೆಂದು ನಾನು ಓದಿದ್ದೆ. “ಅದೇನ ದೊಡ್ಡ ಮಾತ್ರಿ ಅಕ್ಕಾರ, ನಾ ಅದೀನಲ್ಲ” ಎಂದೆ. ಬೆಂಗಳೂರಿನ ಒಂದು ಕಂಪನಿಯ ಮೂಲಕ ಅರ್ಜಿ ಹಾಕಿದೆ. ‘ಗಂಗವ್ವನಸೀರೆ’ ಎಂದು ಟೈಪ್ ಮಾಡಿ, ಮಾಲೀಕರ ಜಾಗದಲ್ಲಿ ನನ್ನದೇ ಹೆಸರು, ನನ್ನದೇ ಫೋನು ತುಂಬಿದೆ. ಪಾಪ, ಅವರಿಗೆ ಯಾಕೆ ತ್ರಾಸ ಎಂಬ ಔದಾರ್ಯ.

ಅರ್ಜಿ ವಾಪಸು ಬಂತು. ಹೆಸರಿನಲ್ಲಿ ಒಪ್ಪಲಾಗದ ಅಕ್ಷರ ಇದೆಯಂತೆ! ನನಗೆ ಪಿತ್ತ ನೆತ್ತಿಗೇರಿತು. ದೇಶದ ಇಂಥ ಹೆಸರುಗಳ ದಫ್ತರ ಇಟ್ಟುಕೊಂಡಿರುವ ದಿಲ್ಲಿಯ ನೋಂದಣಿ ಕಚೇರಿಗೇ, ಕನ್ನಡದ ಅನುಸ್ವಾರ ನಿಮಗೆ ಬೇಡವಾಯಿತೇ ಎಂದು ಎರಡು ಪುಟ ಬರೆದು ಕಳಿಸಿದೆ. ಆ ಪತ್ರದ ಅನುಸ್ವಾರಗಳೂ ಸೊನ್ನೆಗಳೇ ಆಗಿದ್ದವೆಂದು ಆಮೇಲೆ ತಿಳಿಯಿತು.

ವಾರದ ಮೇಲೆ ಆ ಕಚೇರಿಯಿಂದ ಫೋನು ಬಂತು. ಅಲ್ಲಿ ಕನ್ನಡ ನೋಡಿಕೊಳ್ಳುವ ಹೆಣ್ಣುಮಗಳು, ಮೈಸೂರು ಕಡೆಯ ಮಾತು.

“ಸರ್, ನಿಮ್ಮ ಪತ್ರ ಓದಿ ಖುಷಿಯಾಯ್ತು. ಆದರೆ ನೀವು ಹಾಕಿರೋದು ಅನುಸ್ವಾರ ಅಲ್ಲ, ಲೆಕ್ಕದ ಸೊನ್ನೆ.”

“ಕಣ್ಣಿಗೆ ಎರಡೂ ಒಂದ ಕಾಣ್ತಾವಲ್ರಿ?”

“ಅದಕ್ಕೇ ಸರ್ ಬಿಡೋದಿಲ್ಲ. ನಿಮಗೆ ಸೊನ್ನೆಯದು ಕೊಟ್ಟರೆ, ನಾಳೆ ಇನ್ನೊಬ್ಬರು ಬಂದು ಅನುಸ್ವಾರದ್ದು ತಗೋತಾರೆ. ನೋಡೋಕೆ ಒಂದೇ ಹೆಸರು, ಅಂಗಡಿ ಎರಡು.”

ಗಂಗವ್ವ ಯಾವುದಕ್ಕೆ ಹೆದರಿ ನನ್ನ ಬಳಿ ಬಂದಿದ್ದರೋ ಅದಕ್ಕೆ ನಾನೇ ಬಾಗಿಲು ತೆರೆಯಲು ಹೊರಟಿದ್ದೆ. ಹೆಸರು ಸಿಗುವುದು ಮೊದಲು ಕೇಳಿದ ಒಬ್ಬರಿಗೇ; ಯಾವ ಭಾಷೆಗೆ ಯಾವ ಅಕ್ಷರ ನಡೆಯುತ್ತದೆಂದು ಬಲ್ಲವರು ಕೂತು ಪಟ್ಟಿ ಮಾಡಿದ್ದಾರೆ ಎಂದು ಆಕೆ ಬಿಡಿಸಿ ಹೇಳಿದರು. ನಮ್ಮ ಒಂದು ಸೊನ್ನೆಗಾಗಿ ಎಲ್ಲೋ ಯಾರೋ ಇಷ್ಟು ತಲೆ ಕೆಡಿಸಿಕೊಂಡಿದ್ದಾರಲ್ಲ ಎಂದು ನನಗೆ ನಿಜಕ್ಕೂ ಕಣ್ಣು ತುಂಬಿ ಬಂತು.

“ಇನ್ನೊಂದು ಮಾತು ಸರ್. ಸೀರೆ ಗಂಗವ್ವ ಅವರದ್ದು, ಮಾಲೀಕರ ಜಾಗದಲ್ಲಿ ನಿಮ್ಮ ಹೆಸರು ಯಾಕಿದೆ?”

“ಅವ್ರಿಗೇನ ತಿಳೀತದ್ರಿ ಮೇಡಮ್. ನಾ ಏನ ಮೋಸ ಮಾಡಾಂವ ಅಲ್ರಿ.”

“ನೀವು ಒಳ್ಳೆಯವರೇ ಸರ್. ಆದರೆ ನಮ್ಮ ದಾಖಲೆಗೆ ಒಳ್ಳೆಯತನ ಕಾಣಿಸಲ್ಲ, ಹೆಸರು ಮಾತ್ರ ಕಾಣಿಸುತ್ತೆ.”

ಮರುದಿನ ಗಂಗವ್ವನವರನ್ನು ಕರೆಸಿ ಎರಡೂ ತಪ್ಪು ಒಪ್ಪಿಕೊಂಡೆ. ಅವರು ಬೈಯಲಿಲ್ಲ. “ಹಂಗಾರ ನನ್ನ ಹೆಸರ ನಾನ ಬರೀತೀನಿ ಸರೀರಿ” ಎಂದು ನನ್ನ ಕುರ್ಚಿಯಲ್ಲೇ ಕೂತು, ಒಂದೇ ಬೆರಳಲ್ಲಿ ಹುಡುಕಿ ಹುಡುಕಿ ಒತ್ತಿದರು. ನನ್ನ ಕೈಗಿದ್ದ ಚಟ ಆ ಬೆರಳಿಗೆ ಇರಲಿಲ್ಲ, ಅನುಸ್ವಾರವೇ ಬಿತ್ತು. ಮಾಲೀಕರ ಜಾಗದಲ್ಲಿ ಅವರ ಹೆಸರು, ಅವರ ಫೋನು. ಈ ಸಲ ವಿಳಾಸ ಸಿಕ್ಕಿತು. ಪುಟವನ್ನು ನಾನು ಮಾಡಿಕೊಟ್ಟೆ, ಸೀರೆಯ ಚಿತ್ರ ಹಾಕುವುದನ್ನು ಅವರೇ ಕಲಿತರು.

ಹೋದ ವರ್ಷ ನಾನು ಹಾಸಿಗೆ ಹಿಡಿದು, ಅಂಗಡಿ ನಾಲ್ಕು ತಿಂಗಳು ಮುಚ್ಚಿತ್ತು. ಎದ್ದು ಕೂತ ದಿನ ನೆನಪಾಯಿತು: ಗಂಗವ್ವನ ವಿಳಾಸದ ಹೆಸರನ್ನು ದುಡ್ಡು ಕಟ್ಟಿ ನವೀಕರಿಸುವ ಗಡುವು ಯಾವಾಗಲೋ ದಾಟಿದೆ. ಗಡುವು ದಾಟಿದ ಹೆಸರನ್ನು ಕೆಲವು ದಿನ ಕಾದಿಟ್ಟು, ಆಮೇಲೆ ಕೇಳಿದವರಿಗೆ ಕೊಟ್ಟುಬಿಡುತ್ತಾರೆ. ಕೂಡಲೇ ವಿಳಾಸ ಒತ್ತಿದೆ. ಗಂಗವ್ವನ ಸೀರೆಗಳು ಎದುರಿಗಿದ್ದವು, ನಾನು ನೋಡಿರದ ಹೊಸವೂ ಇದ್ದವು. ಫೋನು ಹಚ್ಚಿದೆ.

“ಅಯ್ಯ, ಅದಾಗಿ ಭಾಳ ದಿನಾ ಆತಲ್ರಿ ಅಣ್ಣಾರ. ನನ್ನ ಫೋನಿಗೆ ಮೆಸೇಜ್ ಬಂದಿತ್ತು, ನಾನ ಮಾಡೀನಿ. ಅದಿರಲಿ, ನೀವ ಹೆಂಗದೀರಿ?”

ನಾನಿಲ್ಲದಿದ್ದರೆ ಈ ಊರಿನ ಕಾಗದಪತ್ರ ನಡೆಯುವುದಿಲ್ಲ ಎಂಬ ಜಂಬ ನನಗಿತ್ತು. ನಾನಿಲ್ಲದೆ ನಡೆದದ್ದಕ್ಕೇ ಇಷ್ಟು ಹಗುರಾಗುತ್ತದೆಂದು ಗೊತ್ತಿರಲಿಲ್ಲ. ಹಾಗೆ ನಡೆಯುವಂತೆ ಮಾಡಿದ ಆ ದಿಲ್ಲಿಯ ಹೆಣ್ಣುಮಗಳ ಹೊಟ್ಟೆ ತಣ್ಣಗಿರಲಿ. ಅಷ್ಟೊತ್ತು ವಾದ ಮಾಡಿದೆನಲ್ಲ, ಆಕೆಯ ಹೆಸರನ್ನೇ ಕೇಳಲಿಲ್ಲ.