ಮೂಲಂಗಿ ಹಳದಿಯ ಬಾಗಿಲು

ಮಾ ಬೊಕ್‌ನಿಮ್‌ಗೆ ಬಣ್ಣದ ವಿಷಯದಲ್ಲಿ ನಾಚಿಕೆ ಎಂಬುದು ಹುಟ್ಟಿನಿಂದಲೇ ಇಲ್ಲ. ಇದನ್ನು ಅವಳ ಬೆನ್ನ ಹಿಂದೆಯೂ ಹೇಳಿದ್ದೇನೆ, ಮುಖದ ಮುಂದೆಯೂ ಹೇಳಿದ್ದೇನೆ. ಮುಖದ ಮುಂದೆ ಹೇಳಿದ ದಿನ ಅವಳು ಹಲ್ಲು ಕಿರಿದು, ಆಗಷ್ಟೇ ಹೆಣೆದು ಮುಗಿಸಿದ್ದ ಪಾತ್ರೆ ಉಜ್ಜುವ ನಾರೊಂದನ್ನು ನನ್ನ ಕೈಗಿಟ್ಟು ಹೋದಳು. ಅದು ಸ್ಟ್ರಾಬೆರಿ ಹಣ್ಣಿನ ಆಕಾರದಲ್ಲಿತ್ತು.

ನಮ್ಮ ಏಳನೇ ಕಟ್ಟಡದಲ್ಲಿ ಅವಳ ನಾರು ಇಲ್ಲದ ಅಡುಗೆಮನೆಯಿಲ್ಲ. ಸ್ಟ್ರಾಬೆರಿ ಆಯಿತು, ಕಲ್ಲಂಗಡಿ ಹೋಳು ಆಯಿತು, ಆಮೇಲೆ ಲೇಸಿನ ಅಂಚಿರುವ ಪುಟ್ಟ ಲಂಗ. ಮೀನಿನ ಬಾಣಲೆ ತಿಕ್ಕಲು ಲಂಗ ಯಾಕೆ ಬೇಕು ಎಂದು ಕೇಳಿದರೆ ಚೆಂದಕ್ಕೆ ಎನ್ನುತ್ತಾಳೆ. ಅವಳ ಮನೆಯೊಳಗಂತೂ ಕೇಳಲೇಬೇಡಿ. ಸೋಜು ಹೆಂಡದ ಬಾಟಲಿಗೆ ಹುರಿ ಸುತ್ತಿ ಹೂದಾನಿ, ಹಾಲಿನ ಡಬ್ಬ ಕತ್ತರಿಸಿ ನೂಲಿನ ಪೆಟ್ಟಿಗೆ, ಮೊಟ್ಟೆಯ ಟ್ರೇಗೆ ಕೆಂಪು ಬಳಿದು ಗೋಡೆಯ ಮೇಲೆ ಹೂವಿನ ಸಾಲು. ಒಂದನೇ ಮಹಡಿಯ ಚುನ್‌ಜಾ ಹೇಳುವಂತೆ, ಅವಳ ಕೈಗೆ ಕಸ ಕೊಟ್ಟರೆ ಮಾಲೆ ಮಾಡಿ ವಾಪಸ್ ಕೊಡುತ್ತಾಳೆ. ನಾವಿಬ್ಬರೂ ಬಾರ್ಲಿ ಚಹಾ ಕುಡಿಯುತ್ತ ಈ ಮಾತಿಗೆ ಎಷ್ಟು ಸಲ ನಕ್ಕಿದ್ದೇವೋ ಲೆಕ್ಕವಿಲ್ಲ.

ಅವಳ ಗಂಡ ತಾಕ್. ಮೂವತ್ತೊಂದು ವರ್ಷ ನಮ್ಮ ಬಡಾವಣೆಯ ಸಣ್ಣ ಬಸ್ಸನ್ನು ಓಡಿಸಿದವರು. ಸ್ಟೇಷನ್ನಿನಿಂದ ಗುಡ್ಡದ ಮೇಲಿನವರೆಗೆ, ಮತ್ತೆ ಗುಡ್ಡದಿಂದ ಸ್ಟೇಷನ್ನಿಗೆ. ಆಗ ಕೈಯಲ್ಲಿ ಸೊಪ್ಪಿನ ಚೀಲ ಹಿಡಿದು ಓಡಿಬರುವ ಹೆಂಗಸರಿಗಾಗಿ ಬಸ್ ನಿಲ್ಲಿಸಿ ಕಾಯುತ್ತಿದ್ದ ಮನುಷ್ಯ. ಕೆಲಸ ಬಿಟ್ಟು ಎರಡು ವರ್ಷವಾದ ಮೇಲೆ ಏನು ಬಂತೋ, ಮೆಟ್ಟಿಲ ಮೇಲೆ ಎದುರಾದರೆ ನಾನು ತಲೆ ಬಾಗಿಸಿದರೂ ತಿರುಗಿ ಬಾಗಿಸುತ್ತಿರಲಿಲ್ಲ. ನೆಟ್ಟಗೆ ಮುಂದೆ ನೋಡುತ್ತ ಹೊರಟುಹೋಗುತ್ತಿದ್ದರು. ಬಸ್ಸಿಳಿದ ಮೇಲೆ ಇವರಿಗೆ ಇಷ್ಟು ಜಂಭವೇ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನೇನು ದಾರಿಹೋಕಳೇ? ಸೊಲ್‌ಬತ್ ಅಪಾರ್ಟ್‌ಮೆಂಟಿನ ಮಹಿಳಾ ಸಂಘದ ಅಧ್ಯಕ್ಷೆ, ನೋ ಗಿಲ್‌ಸುನ್. ಅವರ ಮನೆಯ ನೆತ್ತಿಯ ಮೇಲೇ, ನಾಲ್ಕನೇ ಮಹಡಿಯಲ್ಲಿ, ಇಪ್ಪತ್ತಾರು ವರ್ಷದಿಂದ ಇರುವವಳು.

ಈಗ ನಮ್ಮ ಕಷ್ಟ ಹೇಳುತ್ತೇನೆ. ಸೊಲ್‌ಬತ್ ಹಳೆಯದು. ಐದು ಮಹಡಿ, ಲಿಫ್ಟಿಲ್ಲ, ನಲ್ಲಿ ಬಿಟ್ಟರೆ ಮೊದಲು ತುಕ್ಕಿನ ನೀರು. ಇದನ್ನು ಕೆಡವಿ ಮೂವತ್ತು ಮಹಡಿಯದು ಕಟ್ಟಬೇಕೆಂಬುದು ನಮ್ಮೆಲ್ಲರ ಆಸೆ. ಆದರೆ ಕೆಡವಲು ಅಪ್ಪಣೆ ಸಿಗಬೇಕಾದರೆ ತಪಾಸಣೆಯವರು ಬಂದು, ಈ ಕಟ್ಟಡ ಅಪಾಯಕಾರಿ ಎಂದು ಬರೆದುಕೊಡಬೇಕು. ಹಿಂದೊಮ್ಮೆ ಬಂದವರು ಗೋಡೆ ತಟ್ಟಿ ನೋಡಿ, ಇನ್ನೂ ಇಪ್ಪತ್ತು ವರ್ಷ ಗಟ್ಟಿಯಾಗಿ ನಿಲ್ಲುತ್ತದೆ ಎಂದು ಬರೆದುಬಿಟ್ಟರು. ಆ ದಿನ ನಮ್ಮಲ್ಲಿ ಸಾವಿನ ಮನೆಯ ಹಾಗಿತ್ತು. ಚುನ್‌ಜಾ ನಿಜವಾಗಿಯೂ ಅತ್ತಳು.

ಅಂದಿನಿಂದ ಸಂಘದಲ್ಲಿ ನಾನು ತೀರ್ಮಾನ ಮಾಡಿಸಿದೆ: ಮುಂದಿನ ತಪಾಸಣೆಯವರೆಗೆ ಯಾರೂ ಹೊರಗೆ ಕಾಣುವ ಜಾಗಕ್ಕೆ ಸುಣ್ಣ ಬಣ್ಣ ಬಳಿಯಬಾರದು. ಬಿರುಕು ಮುಚ್ಚಬಾರದು. ಸೋರುವಲ್ಲಿ ಬಕೆಟ್ ಇಡಿ, ಆದರೆ ಸೋರಿಕೆ ನಿಲ್ಲಿಸಬೇಡಿ. ನಾಲ್ಕು ವರ್ಷ ನಾವು ನಮ್ಮ ಬಿರುಕುಗಳನ್ನು ಮಕ್ಕಳ ಹಾಗೆ ಸಾಕಿದೆವು. ಐದನೇ ಮಹಡಿಯ ಬಿರುಕು ಬೆರಳು ತೂರುವಷ್ಟಾದಾಗ ಹೋಗಿ ನೋಡಿ ಖುಷಿಪಟ್ಟು ಬಂದೆವು.

ಇಂಥ ಹೊತ್ತಿನಲ್ಲಿ, ಎರಡನೇ ತಪಾಸಣೆಗೆ ಎರಡು ತಿಂಗಳಿರುವಾಗ, ಬೊಕ್‌ನಿಮ್ ತನ್ನ ಮನೆಬಾಗಿಲಿಗೆ ಹಳದಿ ಬಳಿದಳು. ಎಂಥ ಹಳದಿ ಅಂತೀರಿ? ಕಿಂಬಾಪ್ ಅನ್ನದ ಸುರುಳಿಯೊಳಗೆ ಇಡುವ ಉಪ್ಪಿನಕಾಯಿ ಮೂಲಂಗಿ ಇದೆಯಲ್ಲ, ಅದೇ. ಕಬ್ಬಿಣದ ಬಾಗಿಲನ್ನು ಮರಳು ಕಾಗದದಲ್ಲಿ ಉಜ್ಜಿ, ಪ್ರೈಮರ್ ಹಚ್ಚಿ, ಎರಡು ಕೈ ಬಳಿದಿದ್ದಳು. ಕೆಲಸವೇನೋ ಅಚ್ಚುಕಟ್ಟು, ಒಂದು ಹನಿಯೂ ಇಳಿದಿರಲಿಲ್ಲ. ಆದರೆ ಆ ಬೂದು ಮೆಟ್ಟಿಲಿನ ಓಣಿಯಲ್ಲಿ ಅದು ಕಣ್ಣಿಗೆ ರಾಚುತ್ತಿತ್ತು. ನಾನು ಅಲ್ಲೇ ನಿಂತು ತಲೆ ಚಚ್ಚಿಕೊಂಡೆ.

ಕರೆಸಿ ಕೇಳಿದೆ. ಅಧಿಕಾರಿಗಳು ಬಂದಾಗ ಇದನ್ನು ನೋಡಿದರೆ, ಇಲ್ಲಿಯ ಜನ ಸುಖವಾಗಿದ್ದಾರೆ ಎಂದುಕೊಳ್ಳುವುದಿಲ್ಲವೇ ಎಂದೆ. ತಪ್ಪಾಯಿತು ಅಧ್ಯಕ್ಷರೇ, ನೋಡುತ್ತೇನೆ ಎಂದಳು. ವಾರ ಕಳೆಯುವುದರೊಳಗೆ ಒಂದರಿಂದ ಮೂರನೇ ಮಹಡಿಯವರೆಗೆ ಪ್ರತಿ ಮೆಟ್ಟಿಲಿನ ಅಂಚಿಗೂ ಅದೇ ಹಳದಿಯ ಪಟ್ಟಿ. ಇನ್ನೊಂದು ವಾರಕ್ಕೆ ಕೈಹಿಡಿಗಂಬಿಗೆ ನೂಲಿನ ಅಂಗಿ. ಹೌದು, ಕಬ್ಬಿಣದ ಕಂಬಿಗೆ ಹೆಣೆದ ಅಂಗಿ ತೊಡಿಸಿದ್ದಳು, ಮಹಡಿ ಮುಗಿದಲ್ಲೆಲ್ಲ ನಿಂಬೆಹಣ್ಣಿನಷ್ಟು ದಪ್ಪದ ನೂಲಿನ ಗಂಟು ಕಟ್ಟಿ. ಮೊದಲನೇ ಮಹಡಿಗೆ ಒಂದು ಗಂಟು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. ಕಂಬಿಗೆ ಚಳಿಯಾಗುತ್ತದೆಯೇ ಎಂದು ಚುನ್‌ಜಾ ಕೇಳಿದ್ದಕ್ಕೆ, ಚಳಿಗಾಲ ಬಂತಲ್ಲ ಅಕ್ಕ ಎಂದು ನಕ್ಕಳಂತೆ. ಇಂಥ ದಡ್ಡಿಯ ಜೊತೆ ವಾದ ಮಾಡುವುದು ಹೇಗೆ?

ತಪಾಸಣೆಯ ಹಿಂದಿನ ದಿನ ಗಂಡ ಹೆಂಡತಿ ರಾಜಧಾನಿ ಸೋಲ್‌ಗೆ ಹೋಗುವವರಿದ್ದರು, ಅಲ್ಲಿನ ದೊಡ್ಡಾಸ್ಪತ್ರೆಗೆ. ಏನು ಕಾಯಿಲೆ ಎಂದು ಕೇಳಿದರೆ, ವಯಸ್ಸಾಯಿತಲ್ಲ ಎಂದು ತೇಲಿಸಿದಳು. ಹೊರಡುವ ಮುನ್ನಾದಿನ ಸಂಜೆ ನನ್ನ ಮನೆಗೆ ಬಂದು ಬಾಗಿಲಲ್ಲೇ ನಿಂತಳು. ಚಪ್ಪಲಿಯನ್ನೂ ಬಿಡಲಿಲ್ಲ.

"ಅಧ್ಯಕ್ಷರೇ, ಮೆಟ್ಟಿಲಿಂದು ಅಳಿಸಿ, ಕಂಬಿದೂ ಬೇಕಾದ್ರೆ ತೆಗೀರಿ. ಬಾಗಿಲೊಂದು ಬಿಟ್ಬಿಡಿ."

"ಯಾಕೆ, ಆ ಬಾಗಿಲಲ್ಲಿ ಏನಿದೆ ಅಂಥಾದ್ದು?"

ಅವಳು ಬೆರಳ ಉಗುರಿನಲ್ಲಿ ಅಂಟಿದ್ದ ಹಳದಿಯನ್ನು ಕೆರೆಯುತ್ತಿದ್ದಳು. "ನಮ್ಮೋರಿಗೆ ಮನೆಗೆ ಬರೋಕೆ ಅದು ಬೇಕು."

ನಾನು ಏನು ಹೇಳಿದೆನೋ ಅದನ್ನು ಬದಲಿಸದೆ ಇಲ್ಲಿ ಬರೆಯುತ್ತಿದ್ದೇನೆ. "ಮೂವತ್ತು ವರ್ಷ ಊರೋರನ್ನೆಲ್ಲ ಮನೆ ಮುಟ್ಟಿಸಿದೋರಿಗೆ ತನ್ನ ಮನೆ ದಾರಿ ಗೊತ್ತಿಲ್ವಾ? ಹೋಗ್ರೀ, ನಿಮ್ಮ ಶೋಕಿಗೆ ಗಂಡನ ಹೆಸರು ಬೇರೆ."

ಅವಳ ಮುಖ ಕೆಂಪಾಯಿತು. ಕೊನೆಗೆ, ಶೋಕಿನೇ ಅಂದ್ಕೊಳ್ಳಿ, ಪರವಾಗಿಲ್ಲ, ಬಾಗಿಲು ಮಾತ್ರ ಬಿಡಿ ಎಂದು ತಲೆ ಬಾಗಿಸಿ ಇಳಿದುಹೋದಳು. ನಾನು ಬಿಡುತ್ತೇನೆ ಎನ್ನಲಿಲ್ಲ.

ಮರುದಿನ ಅವರು ಬೆಳಗಿನ ಬಸ್ಸಿಗೆ ಹೋಗುತ್ತಲೇ ನಾನೂ ಚುನ್‌ಜಾಳೂ ಬ್ರಷ್ ಹಿಡಿದು ಶುರು ಮಾಡಿದೆವು. ಅಗ್ಗದ ಬೂದು ಬಣ್ಣ ತಂದಿದ್ದೆ. ಮೆಟ್ಟಿಲಿನ ಅಂಚುಗಳು ಹೋದವು. ಕಂಬಿಯ ಅಂಗಿಯನ್ನು ಕತ್ತರಿಯಲ್ಲಿ ಸೀಳಿ ಕಸದ ಚೀಲಕ್ಕೆ ತುಂಬಿದೆವು. ಗಂಟುಗಳು ಎಷ್ಟು ಬಿಗಿಯಾಗಿದ್ದವೆಂದರೆ ಕೈ ನೋಯತೊಡಗಿ ಚುನ್‌ಜಾ ಬೈದುಕೊಂಡಳು. ಬಾಗಿಲಿನ ಹಳದಿ ಒಂದು ಕೈಗೆ ಮುಚ್ಚಲಿಲ್ಲ. ಎರಡು ಕೈ, ಮೂರು ಕೈ. ಬಳಿದದ್ದು ಒರಟಾಗಿ, ಬ್ರಷ್ಷಿನ ಗೆರೆ ಎದ್ದು ಕಾಣುವ ಹಾಗೆ. ಪಾಳುಬಿದ್ದ ಮನೆಯಂತೆ ಕಾಣಲಿ ಎಂದೇ ಹಾಗೆ ಬಳಿದೆ. ಮುಗಿದಾಗ ನಾಲ್ಕು ಗಂಟೆ ಮೀರಿತ್ತು. ಮನೆಗೆ ಹೋಗಿ, ವಾಸನೆ ಹೋಗಲೆಂದು ಬಾಗಿಲನ್ನು ತೆರೆದಿಟ್ಟು, ಥಿನ್ನರಿನಲ್ಲಿ ಕೈ ಉಜ್ಜುತ್ತ ಕೂತೆ. ಮೈ ನೋಯುತ್ತಿದ್ದರೂ ಮನಸ್ಸು ತಣ್ಣಗಿತ್ತು.

ಐದರ ಹೊತ್ತಿಗೆ ಮೆಟ್ಟಿಲಿನಲ್ಲಿ ಹೆಜ್ಜೆಯ ಸದ್ದು ಕೇಳಿಸಿತು. ಒಂದು ಹೆಜ್ಜೆ, ನಿಲುಗಡೆ. ಇನ್ನೊಂದು, ಮತ್ತೆ ನಿಲುಗಡೆ. ಮೂರನೇ ಮಹಡಿಯಲ್ಲಿ ತುಂಬ ಹೊತ್ತು ಸದ್ದೇ ಇಲ್ಲ. ಗೋಡೆ ಸವರುವ ಸಪ್ಪಳ. ಆಮೇಲೆ ಮತ್ತೆ ಮೇಲಕ್ಕೆ. ನನ್ನ ತೆರೆದ ಬಾಗಿಲಲ್ಲಿ ತಾಕ್ ಬಂದು ನಿಂತರು. ಮಂಡಿಯ ಮೇಲೆ ಧೂಳು, ಅಂಗೈಯಲ್ಲಿ ನನ್ನ ಬೂದು ಬಣ್ಣ. ಅವರು ನೇರ ನನ್ನನ್ನೇ ನೋಡುತ್ತ ಬೂಟು ಬಿಚ್ಚಿ, ಜೋಡಿಸಿಟ್ಟು, ಒಳಗೆ ಬಂದು ಬೆಚ್ಚಗಿನ ನೆಲದ ಮೇಲೆ ಗೋಡೆಗೆ ಒರಗಿ ಕೂತುಬಿಟ್ಟರು.

ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಮಾತಾಡಿದರು.

"ನೀನು ತೋಫು ತರ್ತೀನಿ ಅಂದಿದ್ದೆ, ನನಗಿಂತ ಮುಂಚೆ ಬಂದ್ಬಿಟ್ಟೆಯಾ? ಏನೇ, ಒಂದು ಮಾತು ಹೇಳ್ತೀನಿ, ಅಳಬೇಡ. ಇವತ್ತು ಹಳದಿ ಕಾಣಿಸ್ಲಿಲ್ಲ. ಮೆಟ್ಟಿಲಲ್ಲೂ ಇಲ್ಲ, ಬಾಗಿಲಲ್ಲೂ ಇಲ್ಲ. ಡಾಕ್ಟ್ರು ಹಳದಿ ಒಂದು ಕೊನೇವರೆಗೂ ಕಾಣುತ್ತೆ ಅಂದಿದ್ರು. ಅದೂ ಹೋಯ್ತು ಅನ್ಸುತ್ತೆ."

ಹೇಳುವಾಗ ಅವರ ದನಿ ನಡುಗಲಿಲ್ಲ. ಬಸ್ಸಿನಲ್ಲಿ ಮುಂದಿನ ನಿಲ್ದಾಣ ಹೇಳುವ ದನಿ ಅದು.

ನನಗೆ ಎಲ್ಲವೂ ಒಮ್ಮೆಗೇ ತಿಳಿಯಿತು. ತಲೆ ಬಾಗಿಸದ ಜಂಭ ತಿಳಿಯಿತು, ಮೂರನೇ ಮಹಡಿಯ ಮೂರು ಗಂಟು ತಿಳಿಯಿತು. ಬಸ್ ಓಡಿಸಿದ ಮನುಷ್ಯನ ಕಣ್ಣು ಹೋಗುತ್ತಿದೆ ಎಂದು ಬೀದಿಯಲ್ಲಿ ಯಾರೂ ಅಯ್ಯೋ ಪಾಪ ಎನ್ನಬಾರದೆಂದು, ಆ ಹೆಂಗಸು ನಮ್ಮೆಲ್ಲರ ಕೈಲಿ ದಡ್ಡಿ, ಶೋಕಿಲಾಲಿ ಎನಿಸಿಕೊಂಡು ಹಲ್ಲು ಕಿರಿಯುತ್ತ ಓಡಾಡಿದ್ದಳು. ಥೂ ಎಂದು ನನಗೆ ನಾನೇ ಉಗಿದುಕೊಳ್ಳಬೇಕೆನಿಸಿತು.

"ಕಣ್ಣು ಹೋಗಿಲ್ಲ," ಎಂದೆ. "ಬಣ್ಣ ಹೋಗಿರೋದು. ನಾನು ಮೇಲಿನ ಮನೆ ಗಿಲ್‌ಸುನ್. ಬೆಳಿಗ್ಗೆಯಿಂದ ಕೂತು ಬೂದು ಬಳಿದವಳು ನಾನೇ."

ಅವರು ದಡಬಡಿಸಿ ಎದ್ದುನಿಂತರು. ಬೇರೆಯವರ ಮನೆಗೆ ಬಂದೆನಲ್ಲ ಎಂದು ಸೊಂಟ ಬಗ್ಗಿಸಿ ಬಗ್ಗಿಸಿ ಕ್ಷಮೆ ಕೇಳಿದರು. ನನ್ನ ಕಡೆಗಲ್ಲ, ಫ್ರಿಜ್ಜಿನ ಕಡೆಗೆ. ಆಮೇಲೆ, ಬಣ್ಣ ಮಾತ್ರವೇ ಹೋಗಿದ್ದು, ನಿಜ ತಾನೇ ಎಂದು ಎರಡು ಸಲ ಕೇಳಿದರು. ನಿಜ ಎಂದೆ. "ಅಬ್ಬಾ, ಬಣ್ಣ ತಾನೇ," ಎಂದು ಅವರು ನಕ್ಕರು. ಅವರು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಅಷ್ಟರಲ್ಲಿ ಬೊಕ್‌ನಿಮ್ ತೋಫುವಿನ ಚೀಲದೊಂದಿಗೆ ಏದುಸಿರು ಬಿಡುತ್ತ ಮೇಲೆ ಬಂದಳು. ನನ್ನನ್ನು ನೋಡಿದಳು, ಗಂಡನ ಬೂದು ಅಂಗೈ ನೋಡಿದಳು. ಒಂದು ಮಾತೂ ಆಡದೆ ಅವರ ತೋಳು ಹಿಡಿದು ಕರೆದುಕೊಂಡು ಇಳಿದಳು. ಹಳದಿ ಬಣ್ಣ ಎಲ್ಲಿಂದ ತರಲಿ ಆ ಹೊತ್ತಿನಲ್ಲಿ? ಅಡುಗೆಮನೆಯ ಕೆಳಗಿನ ಖಾನೆ ಎಳೆದೆ. ನಾಲ್ಕು ವರ್ಷದಿಂದ ಅವಳು ಕೊಟ್ಟ ನಾರುಗಳು, ಒಂದನ್ನೂ ನಾನು ಬಳಸಿರಲಿಲ್ಲ. ಹುಡುಕಿದರೆ ಹಳದಿಯವು ಹನ್ನೊಂದು ಸಿಕ್ಕವು, ಲಂಗಗಳೂ ಸೇರಿ. ದಾರದಲ್ಲಿ ಪೋಣಿಸಿ ಅವರ ಬಾಗಿಲಿನ ಹಿಡಿಗೆ ಕಟ್ಟಿ ಬಂದೆ.

ಮರುದಿನ ತಪಾಸಣೆಯವರು ಬಂದರು. ನೆಲಮಾಳಿಗೆಗೆ ಇಳಿದು, ಕಂಬಗಳಿಗೆ ತೂತು ಕೊರೆದು, ಕೊಳವೆಗಳನ್ನು ಬಡಿದು, ಐದನೇ ಮಹಡಿಯ ನಮ್ಮ ಸಾಕು ಬಿರುಕನ್ನು ಅಳೆದರು. ಮೂರನೇ ಮಹಡಿಯ ಬಾಗಿಲನ್ನು ಅವರಲ್ಲಿ ಒಬ್ಬನೂ ತಿರುಗಿ ನೋಡಲಿಲ್ಲ. ಬಾಗಿಲಿನ ಬಣ್ಣ ನೋಡುತ್ತೀರಾ ಎಂದು ನಾನೇ ಕೇಳಿದೆ. ಬಣ್ಣಕ್ಕೂ ನಮಗೂ ಏನಮ್ಮ ಸಂಬಂಧ ಎಂದು ಹಿರಿಯ ಎಂಜಿನಿಯರ್ ಹೊರಟುಹೋದ. ಆ ಸಂಜೆಯೇ ಅಂಗಡಿಗೆ ಹೋಗಿ ಮೂಲಂಗಿ ಹಳದಿ ತಂದೆ. ಬಳಿಯಲು ಹೋದರೆ ಬೊಕ್‌ನಿಮ್ ಬ್ರಷ್ಷನ್ನು ನನ್ನ ಕೈಯಿಂದ ಕಿತ್ತುಕೊಂಡಳು. "ಕೊಡಿ ಇಲ್ಲಿ. ನಿಮಗೆ ಬಳಿಯೋಕೆ ಬರಲ್ಲ," ಎಂದಳು. ಆಮೇಲೆ ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು, ಮತ್ತು ನಿಜವಾದ ಮಾತು.

ಎರಡು ತಿಂಗಳಿಗೆ ಫಲಿತಾಂಶ ಬಂತು. ನಮ್ಮ ಮನೆಗಳು ವಾಸಕ್ಕೆ ಅಪಾಯ ಎಂದು ಸರ್ಕಾರವೇ ಒಪ್ಪಿತು. ಜನ ಒಬ್ಬರನ್ನೊಬ್ಬರು ತಬ್ಬಿಕೊಂಡರು, ಅಕ್ಕಿ ಕಡುಬು ಹಂಚಿದರು. ಗೇಟಿಗೆ ಬ್ಯಾನರ್ ಹಾಕಿಸುವ ಕೆಲಸ ನನ್ನದು. ಎಲ್ಲರೂ ಬಿಳಿಯ ಮೇಲೆ ಬರೆಸುತ್ತಾರೆ. ನಾನು ಹಳದಿ ಎಂದೆ. ಅಚ್ಚು ಹಾಕುವವನು ಕಣ್ಣಿಗೆ ಚುಚ್ಚುತ್ತದಲ್ಲ ಎಂದ. ಚುಚ್ಚಲಿ ಎಂದೆ.

ಬ್ಯಾನರ್ ಕಟ್ಟಿದ ದಿನ ಗೇಟಿನ ಬಳಿ ಎಲ್ಲ ಸೇರಿದ್ದೆವು. ನಾಲ್ಕಾಳುದ್ದದ ಮೂಲಂಗಿ ಹಳದಿಯ ಮೇಲೆ ದಪ್ಪ ಅಕ್ಷರ: ಅಭಿನಂದನೆಗಳು, ಸೊಲ್‌ಬತ್ ಅಪಾಯಕಾರಿ ಎಂದು ತೀರ್ಮಾನವಾಗಿದೆ, ಕೆಡವಲು ದಾರಿ ಸುಗಮ. ಚಪ್ಪಾಳೆ ಬೀಳುತ್ತಿತ್ತು. ಆಗ ಬಸ್ಸಿಳಿದು, ಹೆಂಡತಿಯ ತೋಳು ಹಿಡಿದು ತಾಕ್ ಬಂದರು. ಗೇಟಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲೇ ಅವರ ಮುಖ ಅರಳಿತು. ಅಕ್ಷರ ಅವರಿಗೆ ಕಾಣುವಂತಿರಲಿಲ್ಲ.

"ಏನೇ," ಎಂದರು, "ಆಗಲೇ ಮನೆ ಬಂತಾ?"

ಬೊಕ್‌ನಿಮ್ ಬ್ಯಾನರ್ ಓದಿದಳು. ನನ್ನ ಕಡೆ ನೋಡಿದಳು. "ಹೂಂ, ಬಂತು," ಎಂದಳು. "ನಿಧಾನ, ಮುಂದೆ ಮೆಟ್ಟಿಲಿದೆ."