ಭಾವನ ವಾಚು, ಅಪ್ಪನ ತಿಥಿ

ಅಪ್ಪನ ತಲೆ ನನ್ನ ತೊಡೆಯ ಮೇಲಿತ್ತು. ಬಾಯಿಗೆ ಬಿಟ್ಟ ತೀರ್ಥ ಒಳಗಿಳಿಯದೆ ಹೊರಗೆ ಹರಿಯಿತು. ಉಸಿರು ನಿಂತಿತ್ತು.

"ಭಾವ, ಗಂಟೆ ಎಷ್ಟಾತು?" ಎಂದೆ. ಅಂದು ಹನ್ನೊಂದು ಇಪ್ಪತ್ತಕ್ಕೆ ಅಷ್ಟಮಿ ಮುಗಿದು ನವಮಿ ಬರುವುದಿತ್ತು. ಉಸಿರು ಯಾವ ತಿಥಿಯಲ್ಲಿ ನಿಂತಿತೋ ಆ ತಿಥಿಗೇ ಶ್ರಾದ್ಧ.

ಶಿರಸಿಯಿಂದ ಬಂದಿದ್ದ ಅಕ್ಕನ ಗಂಡ ಕೈ ಎತ್ತಿದರು. ಲಕ್ಷಗಟ್ಟಲೆ ಬೆಲೆಯ ಸ್ವಿಸ್ ವಾಚು. ಹುಣ್ಣಿಮೆ, ಅಮಾವಾಸ್ಯೆ ತೋರಿಸುವ ಪುಟ್ಟ ಚಂದ್ರ, ಅಧಿಕ ವರ್ಷವನ್ನೂ ತಾನೇ ತಿಳಿದುಕೊಳ್ಳುವ ಕ್ಯಾಲೆಂಡರು, ಹೂಬಳ್ಳಿ ಕೆತ್ತಿದ ಹಲ್ಲುಚಕ್ರಗಳು, ಎಲ್ಲವೂ ಗಾಜಿನೊಳಗೆ ಕಾಣುತ್ತಿದ್ದವು. ಹಿಂದಿನ ದಿನ ಅಪ್ಪ ನರಳುತ್ತಿರುವಾಗಲೇ ಭಾವ ಅದನ್ನೆಲ್ಲ ನಮಗೆ ವಿವರಿಸಿದ್ದರು. ಈಗ ಕಿಟಕಿಯ ಬೆಳಕಿಗೆ ಕೈ ತಿರುಗಿಸಿ ತಿರುಗಿಸಿ ನೋಡಿದರು.

"ತಡಿಯೋ, ಮುಳ್ಳು ಯಾವ್ದು ಹೇಳಿ ಗೊತ್ತಾಗ್ತಿಲ್ಲೆ. ಎಲ್ಲಾ ಚಕ್ರನೇ ಕಾಣ್ತು!"

ಕೊನೆಗೆ ಕಿಸೆ ತಡಕಿ ಮೊಬೈಲ್ ತೆಗೆದರು. ಹನ್ನೊಂದು ಇಪ್ಪತ್ತೆರಡು.

ಪುರೋಹಿತ ಭಟ್ಟರು ನವಮಿ ಎಂದೇ ಬರೆದುಕೊಂಡರು. ಪ್ರತಿ ತಿಂಗಳು ನವಮಿಯ ಮಾಸಿಕದೂಟಕ್ಕೆ ಭಾವ ಒಂದು ನಿಮಿಷವೂ ತಡಮಾಡದೆ ಬರುತ್ತಾರೆ. ಅಪ್ಪ ಹೋಗಿದ್ದು ಅಷ್ಟಮಿಯಲ್ಲೇ ಎಂದು ನನಗೆ ಅನುಮಾನ. ಹಿಂದಿನ ದಿನ, ಅಷ್ಟಮಿಯಂದು, ಯಾರಿಗೂ ಹೇಳದೆ ಉಪವಾಸ ಇರುತ್ತೇನೆ.