ಸೊಂಟ ಸರಿದ ಗಿಟಾರು

ಅವರ ಬಲಗಾಲಿನ ಹೆಬ್ಬೆರಳು ಉಳಿದ ನಾಲ್ಕರ ಮೇಲೆ ಮುನಿಸಿಕೊಂಡಂತೆ ದೂರ ಸರಿದು ನಿಂತಿತ್ತು. ನೆಲದ ಮೇಲೆ ಕೂತು, ಹಲಗೆಯ ಅಂಚನ್ನು ಆ ಸಂದಿಯಲ್ಲಿ ಸಿಕ್ಕಿಸಿ ಒತ್ತಿ ಹಿಡಿದು, ಐವತ್ತು ವರ್ಷ ಉಳಿ ಹೊಡೆದದ್ದರ ಗುರುತು ಅದು. ಹುಣಸೂರಿನಲ್ಲಿ ಮರ ಕುಯ್ಯುವ ಮಿಲ್ಲಿನ ಪಕ್ಕದ ತಗಡಿನ ಶೆಡ್ಡಿಗೆ ಮೊದಲ ಸಲ ಹೋದಾಗ ನನಗೆ ಕಂಡದ್ದು ಆ ಕಾಲು. ಮುಖ ಕೆಲಸದ ಮೇಲೆ ಬಗ್ಗಿತ್ತು; ಬಂದವರು ಯಾರು ಎಂದು ನೋಡಲು ಅದು ಮೇಲೇಳಲಿಲ್ಲ.

ಎಲ್ಲರೂ ಅವರನ್ನು ಆಚಾರ್ರು ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಬಾಗಿಲು, ಕಿಟಕಿ, ಮಂಚ, ದೇವರ ಮಂಟಪ ಅವರ ಕೆಲಸ. ಗಿಟಾರನ್ನು ಅವರು ಮುಟ್ಟಿಯೂ ನೋಡಿರಲಿಲ್ಲ.

ಕಟ್ಟೆಮಳಲವಾಡಿಯಲ್ಲಿ ನಮ್ಮದು ಹೊಗೆಸೊಪ್ಪಿನ ಹೊಲ. ಮದುವೆಯ ಕಾಲ ಬಂತೆಂದರೆ ನಾನು ಆರ್ಕೆಸ್ಟ್ರಾದಲ್ಲಿ ಲೀಡ್ ಗಿಟಾರ್. ಇವತ್ತು ಪಿರಿಯಾಪಟ್ಟಣ, ನಾಳೆ ಕೋಟೆ, ನಾಡಿದ್ದು ಕೆ.ಆರ್. ನಗರ. ಹಂಪಾಪುರದ ಹತ್ತಿರ ಬೈಕಿನಿಂದ ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಅದೆಲ್ಲ ನಿಂತುಹೋಗಿತ್ತು. ಒಳಗೆ ಪ್ಲೇಟು ಹಾಕಿದ್ದರು. ನಡೆಯಬಹುದಿತ್ತು, ಆದರೆ ಮೂರು ಗಂಟೆ ವೇದಿಕೆಯ ಮೇಲೆ ನಿಲ್ಲಲಾಗುತ್ತಿರಲಿಲ್ಲ. ಕೂತು ನುಡಿಸೋಣವೆಂದರೆ ನನ್ನ ಹಳೆಯ ಗಿಟಾರಿನ ಕತ್ತು ನೆಲದ ಕಡೆಗೆ ಜಗ್ಗುತ್ತಿತ್ತು. ಅದನ್ನು ಎತ್ತಿ ಹಿಡಿಯುವುದರಲ್ಲೇ ಎಡಗೈ ಸೋತು, ಸ್ವರ ಹಿಡಿಯುವುದಕ್ಕೆ ಬಲವೇ ಉಳಿಯುತ್ತಿರಲಿಲ್ಲ.

ಆರ್ಕೆಸ್ಟ್ರಾದ ಯಜಮಾನರು ಒಳ್ಳೆಯವರು. "ಲೀಡ್ ಅಂದ್ರೆ ನಿಂತ್ಕಂಡು ನುಡ್ಸೋದು ಕಣ್ರೀ. ವಾಸಿ ಮಾಡ್ಕಂಡು ಬನ್ನಿ, ಕಾಯ್ತೀನಿ" ಎಂದಿದ್ದರು. ಆ ಕಾಯುವಿಕೆಯೇ ನನ್ನನ್ನು ಒಂದು ಕಡೆ ಇರಗೊಡಲಿಲ್ಲ. ಹೊಲಕ್ಕೆ ಹೋದರೆ ಮನೆಯ ನೆನಪು, ಮನೆಗೆ ಬಂದರೆ ಹೊಲದ ನೆನಪು. ಊಟದ ಮಧ್ಯೆ ಎದ್ದು ಗಿಟಾರಿನ ಹತ್ತಿರ ಹೋಗಿ, ಮುಟ್ಟದೆ ವಾಪಸು ಬರುತ್ತಿದ್ದೆ. ಮೊಬೈಲಿನಲ್ಲಿ ಹುಡುಕುತ್ತಾ ಹುಡುಕುತ್ತಾ ಆಫ್‌ಸೆಟ್ ಎಂಬ ಆಕಾರ ಸಿಕ್ಕಿತು. ಸಾಮಾನ್ಯ ಗಿಟಾರಿನ ಸೊಂಟದ ಎರಡು ತಗ್ಗುಗಳು ಎದುರುಬದುರಾಗಿರುತ್ತವೆ. ಇದರಲ್ಲಿ ಒಂದು ಮುಂದೆ, ಒಂದು ಹಿಂದೆ ಸರಿದು ಇಡೀ ಮೈ ಓರೆಯಾಗಿರುತ್ತದೆ. ಕೂತವನ ತೊಡೆಯ ಮೇಲೆ ಅದು ಕತ್ತು ಬಗ್ಗಿಸದೆ ನಿಲ್ಲುತ್ತದೆ ಎಂದು ಬರೆದಿದ್ದರು. ಹಳೆಯ ಗಿಟಾರಿನ ಕತ್ತು, ತಂತಿ, ವೈರುಗಳನ್ನೇ ಇಟ್ಟುಕೊಂಡು ಮೈ ಮಾತ್ರ ಹೊಸದಾಗಿ ಮಾಡಿಸಿದರೆ ಸಾಕಿತ್ತು.

ಆಚಾರ್ರು ಮೊಬೈಲಿನ ಪಟವನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು.

"ಪಟ ನೋಡಿ ಬಾಗ್ಲು ಮಾಡ್ಬೋದು ಕಣಪ್ಪ. ಇದು ನಿನ್ ಮೈಗೆ ಆತ್ಕಳೋ ಸಾಮಾನು. ಅಲ್ಲಿ ಕುಂತ್ಕ, ನುಡ್ಸು, ನೋಡಾನ."

ಅರ್ಧ ಗಂಟೆ ನುಡಿಸಿದೆ. ಅವರ ಕಣ್ಣು ನನ್ನ ಬೆರಳಿನ ಮೇಲಿರಲಿಲ್ಲ. ತೊಡೆ, ಮೊಣಕೈ, ಪಕ್ಕೆ ಇವನ್ನೇ ನೋಡುತ್ತಾ ನನ್ನ ಸುತ್ತ ಮೂರು ಸಲ ನಡೆದರು. ಆಮೇಲೆ ಪ್ಲೈವುಡ್ ಚೂರಿನ ಮೇಲೆ ಸೀಮೆಸುಣ್ಣದಲ್ಲಿ ಒಂದೇ ಗೆರೆ ಎಳೆದರು. ಅದು ಹೆಚ್ಚುಕಡಿಮೆ ಮೊಬೈಲಿನಲ್ಲಿದ್ದ ಆಕಾರವೇ ಆಗಿತ್ತು. ಆ ಗೆರೆಯ ಮೇಲೇ ಕುಯ್ದು ಮಾದರಿ ಮಾಡಿಟ್ಟರು.

ನಾನು ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಮುಂದಿನ ವಾರ ಹೋಗಿ, ಸೊಂಟ ಅಷ್ಟು ಓರೆ ಬೇಡ, ಸ್ವಲ್ಪ ನೇರ ಮಾಡಿ ಎಂದೆ. ಮಾಡಿದರು. ಅದರ ಮುಂದಿನ ವಾರ ಕತ್ತಿನ ಬುಡದಲ್ಲಿ ಚಾಚುವ ಕೊಂಬು ಚೂಪಾಗಲಿ ಎಂದೆ. ಆಮೇಲೆ ಇನ್ನೂ ಸ್ವಲ್ಪ ನೇರ. ಗೋಡೆಗೆ ಒರಗಿಸಿಟ್ಟ ಪ್ಲೈವುಡ್ ಆಕಾರಗಳು ಏಳಾದವು. ಬಸ್ಸಿನಲ್ಲಿ ಹೋಗುವಾಗ ಒಂದು ನಿರ್ಧಾರ, ಇಳಿಯುವಷ್ಟರಲ್ಲಿ ಇನ್ನೊಂದು. ಆಚಾರ್ರು ಒಂದು ಸಲವೂ ಬೇಸರಪಟ್ಟುಕೊಳ್ಳಲಿಲ್ಲ. "ಮರ ಕುಯ್ಯಗಂಟ ಎಷ್ಟು ಸಲನಾದ್ರೂ ಬದ್ಲಾಯ್ಸು. ಕುಯ್ದ್ಮೇಲೆ ಬರ್ಬ್ಯಾಡ" ಎನ್ನುವರು. ಅವರ ಹೆಂಡತಿ ಟೀ ತಂದುಕೊಡುತ್ತಾ, "ಹೆಣ್ಣು ನೋಡಕ್ಕೂ ಇಷ್ಟು ಸಲ ಹೋಗಿರ್ನಿಲ್ವೇನೋ ನೀನು" ಎಂದು ನಗುತ್ತಿದ್ದರು.

ಎಂಟನೆಯ ಸಲ ಹೋಗಿ, ಆಫ್‌ಸೆಟ್ಟೇ ಬೇಡ, ನನ್ನ ಹಳೆಯ ಗಿಟಾರಿನಂಥದ್ದೇ ಮಾಡಿಕೊಡಿ ಎಂದೆ.

ಅವರು ಉಳಿ ಕೆಳಗಿಟ್ಟರು. ಬಾಗಿಲ ಹೊರಗೆ ಹೋದರು, ಒಳಗೆ ಬಂದರು, ಮತ್ತೆ ಹೋದರು. ಯೋಚನೆ ಹತ್ತಿದರೆ ಅವರಿಗೂ ಕೂರಲಾಗುತ್ತಿರಲಿಲ್ಲ. ಕೊನೆಗೆ ನನ್ನ ಹಳೆಯ ಗಿಟಾರನ್ನು ಎತ್ತಿ ನನ್ನ ಕೈಗೆ ಕೊಟ್ಟರು.

"ನಿಂತ್ಕ. ನಿಂತ್ಕಂಡು ನುಡ್ಸು. ಸಾಕು ಅನ್ಸಿದಾಗ ಯೋಳು."

ಪಟ್ಟಿ ಹೆಗಲಿಗೆ ಹಾಕಿಕೊಂಡು ನುಡಿಸಿದೆ. ಮೊದಲ ಹಾಡು ಚೆನ್ನಾಗಿ ಬಂತು. ಎರಡನೆಯದಕ್ಕೆ ಸೊಂಟದೊಳಗೆ ಬಿಸಿ ಕಬ್ಬಿಣ ಇಟ್ಟಂತಾಯಿತು. ಮೂರನೆಯದಕ್ಕೆ ಕಾಲು ನಡುಗತೊಡಗಿತು. ಸಾಕು ಎನ್ನಲು ಬಾಯಿ ಬರಲಿಲ್ಲ. ಹಲ್ಲು ಕಚ್ಚಿಕೊಂಡು ನಾಲ್ಕನೆಯದನ್ನು ಶುರುಮಾಡಿದೆ. ಬೆವರು ಕಣ್ಣಿಗಿಳಿದು ತಂತಿಯೇ ಕಾಣದಾಯಿತು. ಆಗ ಹಿಂದಿನಿಂದ ಸ್ಟೂಲು ಬಂದು ನನ್ನ ಮೊಣಕಾಲಿನ ಮಡಿಕೆಗೆ ತಗುಲಿತು. ಕುಸಿದು ಕೂತೆ.

ಅವರು ಪಕ್ಕದಲ್ಲಿ ನೆಲಕ್ಕೆ ಕೂತರು.

"ಆಕಾರ ನಿಂಗೆ ಮೊದಲ್ನೇ ದಿನಾನೇ ಇಷ್ಟ ಆಗಿತ್ತು. ಹೌದಾ ಅಲ್ವಾ?"

"ಹೌದು."

"ಮತ್ಯಾಕ್ಲಾ ಇಂಗಾಡ್ತೀಯ?"

ನಾನು ಯಾರಿಗೂ ಹೇಳದಿದ್ದುದನ್ನು ಅವರಿಗೆ ಹೇಳಿದೆ. ಆ ಓರೆ ಗಿಟಾರು ಕೂತು ನುಡಿಸುವವನ ಗಿಟಾರು. ಅದನ್ನು ಮಾಡಿಸಿದೆನೆಂದರೆ ಇನ್ನು ಮುಂದೆ ನಾನು ನಿಲ್ಲುವವನಲ್ಲ ಎಂದು ನಾನೇ ಒಪ್ಪಿಕೊಂಡಂತೆ. ಪ್ಲೈವುಡ್ ನೇರವಾದಷ್ಟೂ ನನಗೆ ಸೊಂಟವೂ ನೇರವಾದಂತೆ ಅನಿಸುತ್ತಿತ್ತು.

ಅವರು ನನ್ನ ಕೈಯಿಂದ ಗಿಟಾರನ್ನು ತೆಗೆದುಕೊಂಡು ಗೋಡೆಗೆ ಒರಗಿಸಿದರು. ಆಮೇಲೆ, "ನಾನು ಐವತ್ತು ವರ್ಷದಿಂದ ಕುಂತ್ಕಂಡೇ ದುಡೀತಿವ್ನಿ ಕಣಪ್ಪ" ಎಂದರು. "ನಾನು ಮಾಡಿದ್ ಬಾಗ್ಲಲ್ಲಿ ಎಷ್ಟೋ ಜನ ನಿಂತ್ಕಂಡು ಹೋಗ್ತಾ ಬತ್ತಾ ಅವ್ರೆ. ಮಾಡ್ದೋನು ಕುಂತಿದ್ನಾ ನಿಂತಿದ್ನಾ ಅಂತ ಒಬ್ರೂ ಕೇಳಿಲ್ಲ, ಬುಡು."

ಮೊದಲ ದಿನದ ಪ್ಲೈವುಡ್ಡನ್ನು ಹುಡುಕಿ ತಂದು ನನ್ನ ತೊಡೆಯ ಮೇಲಿಟ್ಟರು. ನಾನು ಹೂಂ ಎಂದೆ.

ಮರ ಹಲಸಿನದು. "ವೀಣೆಗೆ ಆಗೋದು ಇದ್ಕೆ ಯಾಕಾಗಲ್ಲ?" ಎಂದು ಅವರೇ ಆರಿಸಿದರು. ಮೂರು ವಾರ ಹಿಡಿಯಿತು. ಕತ್ತು ಕೂರುವ ಗುಂಡಿಯನ್ನು ಕೊರೆಯುವಾಗ ಮಾತ್ರ ಅಳತೆಪಟ್ಟಿಯನ್ನು ನಂಬಲಿಲ್ಲ. ನನ್ನ ಗಿಟಾರಿನ ಕತ್ತನ್ನು ಕಳಚಿಸಿ ಕೈಯಲ್ಲಿಟ್ಟುಕೊಂಡು, ಒಂದೊಂದು ಪದರ ಕೆತ್ತಿದ ಮೇಲೂ ಕೂರಿಸಿ ನೋಡಿದರು. ಎಣ್ಣೆ ಹಚ್ಚಿದ ಮೇಲೆ ಹಲಸು ಅರಿಶಿನದ ಬಣ್ಣಕ್ಕೆ ತಿರುಗಿತು.

ಅದನ್ನು ಹಿಡಿದುಕೊಂಡು ಯಜಮಾನರ ಹತ್ತಿರ ಹೋಗಿ, ಕುರ್ಚಿ ಹಾಕಿಕೊಟ್ಟರೆ ಬರುತ್ತೇನೆ ಎಂದೆ. ಒಂದು ಕಾರ್ಯಕ್ರಮ ನೋಡೋಣ ಎಂದರು. ಮೊದಲ ವೇದಿಕೆ ಕೆ.ಆರ್. ನಗರದಲ್ಲಿ, ಚುಂಚನಕಟ್ಟೆ ಕಡೆಯವರ ಆರತಕ್ಷತೆ. ಆಚಾರ್ರನ್ನು ಕರೆದೆ. "ಆ ಸದ್ದು ನಂಗಾಗಲ್ಲ, ನೀನ್ ಹೋಗಪ್ಪ" ಎಂದುಬಿಟ್ಟರು. ಅವತ್ತು ಸಂಜೆ ಮೂರು ಗಂಟೆ ಕೂತು ನುಡಿಸಿದೆ. ಎಡಗೈ ಹಗುರವಾಗಿತ್ತು, ಹಾರುತ್ತಿತ್ತು. ಮುಗಿದ ಮೇಲೆ ಯಜಮಾನರು ಮುಂದಿನ ಎಂಟು ತಾರೀಖು ಬರೆದುಕೊಟ್ಟರು.

ಆಮೇಲೆ ನಾನು ಓಡಿದ್ದೇ ಓಡಿದ್ದು. ಒಂದು ವರ್ಷ ಕಳೆದುಕೊಂಡಿದ್ದನ್ನು ಒಂದೇ ಸೀಜನ್ನಿನಲ್ಲಿ ಹಿಡಿಯಬೇಕೆಂಬ ಆತುರ. ಹುಣಸೂರಿನ ಮೇಲೆಯೇ ಹೋಗುತ್ತಿದ್ದೆ, ಬರುತ್ತಿದ್ದೆ. ವ್ಯಾನು ಆ ಮಿಲ್ಲನ್ನು ದಾಟುವಾಗೆಲ್ಲ, ನಾಳೆ ಇಳಿದು ಮಾತಾಡಿಸಬೇಕು ಎಂದುಕೊಳ್ಳುತ್ತಿದ್ದೆ. ಎರಡು ತಿಂಗಳಲ್ಲಿ ಒಮ್ಮೆಯೂ ಇಳಿಯಲಿಲ್ಲ.

ಆಷಾಢದ ಮೊದಲ ವಾರ ಅವರಿಗೆ ಎದೆನೋವು ಬಂತು. ಮೈಸೂರಿಗೆ ಕರೆದೊಯ್ದರಂತೆ. ಮೂರನೆಯ ದಿನ ಹೋಗಿಬಿಟ್ಟರು. ನನಗೆ ಗೊತ್ತಾದದ್ದು ಮಣ್ಣು ಮಾಡಿ ಐದು ದಿನವಾದ ಮೇಲೆ.

ಹೋದಾಗ ಅವರ ಹೆಂಡತಿ ಶೆಡ್ಡಿನ ಬೀಗ ತೆಗೆದು, ಗೋಣಿಚೀಲದಲ್ಲಿ ಸುತ್ತಿದ್ದ ಒಂದು ಹಲಸಿನ ಮೈಯನ್ನು ತಂದು ನನ್ನ ಮುಂದಿಟ್ಟರು. ಅದೂ ಆಫ್‌ಸೆಟ್ಟೇ, ಆದರೆ ಸೊಂಟ ಇನ್ನೊಂದಿಷ್ಟು ಸರಿದಿತ್ತು. ಮೇಲಂಚನ್ನು ಮೊಣಕೈ ಆನುವ ಕಡೆ ಇಳಿಜಾರಾಗಿ ಕೆತ್ತಿದ್ದರು.

"ಕೆ.ಆರ್. ನಗರಕ್ಕೆ ಬಂದಿದ್ರು ಕಣಪ್ಪ" ಎಂದರು ಆಕೆ. "ಹಿಂದ್ಗಡೆ ನಿಂತ್ಕಂಡು ನೋಡಿ, ನಿಂಗೆ ಕಾಣಿಸ್ಕಳ್ದೆ ಬಂದ್ರು. ಚೆಂದಾಗಿ ನುಡಿಸ್ತಾನೆ, ಆದ್ರೆ ಬಲಗಡೆ ಹೆಗಲು ಎತ್ಕಂಡೇ ಅವ್ನೆ, ಇನ್ನೈದು ವರ್ಷಕ್ಕೆ ನೋವು ಬತ್ತದೆ ಅಂದ್ರು. ಬೆಳಿಗ್ಗೆ ಎದ್ದೋರೇ ಇದ್ನ ಹಿಡ್ಕಂಡ್ರು."

ತಿರುಗಿಸಿ ನೋಡಿದೆ. ಎಲ್ಲ ಮುಗಿದಿತ್ತು. ಕತ್ತು ಕೂರುವ ಜಾಗದಲ್ಲಿ ಮಾತ್ರ ಪೆನ್ಸಿಲಿನ ಗೆರೆ ಇತ್ತು, ಗುಂಡಿ ಇರಲಿಲ್ಲ.

"ಅದ್ಕೆ ನಿನ್ ಗಿಟಾರಿನ ಕತ್ತು ಬೇಕಿತ್ತಂತೆ. ಫೋನ್ ಮಾಡಿ ಕರೀರಿ ಅಂದೆ. ಬ್ಯಾಡ, ಈಗ ಬಿಚ್ಚಿಸ್ಕಂಡ್ರೆ ಅವ್ನಿಗೆ ಮದ್ವೆ ತಪ್ಪೋಯ್ತವೆ, ಆಷಾಢ ಬರ್ಲಿ ಅಂದ್ರು."

ಆ ಗುಂಡಿಯನ್ನು ಬೇರೆಯವರಿಂದ ಕೊರೆಸಲು ನನಗೆ ಮನಸ್ಸಾಗಲಿಲ್ಲ. ಅವರದೇ ಉಳಿಯನ್ನು ಕೇಳಿ ತೆಗೆದುಕೊಂಡು, ಅದೇ ಶೆಡ್ಡಿನ ನೆಲದ ಮೇಲೆ ನಾಲ್ಕು ದಿನ ಕೂತು ನಾನೇ ಕೊರೆದೆ. ಆಕೆ ಬಾಗಿಲಲ್ಲಿ ಕೂತು ನೋಡುತ್ತಿದ್ದರು. ಕತ್ತು ಒಳಗೆ ಕೂತಿತು, ಆದರೆ ಒಂದು ಬದಿಯಲ್ಲಿ ಕೂದಲೆಳೆಯಷ್ಟು ಸಂದಿ ಉಳಿಯಿತು. ಶ್ರಾವಣದಿಂದ ಅದನ್ನೇ ನುಡಿಸುತ್ತಿದ್ದೇನೆ. ಹೆಗಲು ನೋಯುವುದಿಲ್ಲ. ಆ ಸಂದಿಯನ್ನು ಮುಚ್ಚಿಕೊಡುತ್ತೇವೆಂದು ಮೈಸೂರಿನಲ್ಲಿ ಇಬ್ಬರು ಹೇಳಿದರು. ನಾನು ಒಪ್ಪಲಿಲ್ಲ.